ಮೂತ್ರ ಸೋರಿಕೆಗೆ ಎರಡನೆಯ ಆಪರೇಷನ್

ಕೆಮ್ಮಿದಾಗ, ಸೀನಿದಾಗ, ಹುಲ್ಲಿನ ಹೊರೆಯನ್ನೋ ನೀರಿನ ಕೊಡವನ್ನೋ ಎತ್ತಿದಾಗ ಹೊಟ್ಟೆಯೊಳಗಿನ ಒತ್ತಡ ಮೂತ್ರಕೋಶದ ಮೇಲೆ ಬಿದ್ದು, ತಡೆಯಲಾಗದೆ ಮೂತ್ರ ಸೋರುವುದನ್ನು ಒತ್ತಡಜನ್ಯ ಮೂತ್ರ ಸೋರಿಕೆ ಎನ್ನುತ್ತಾರೆ. ಮೂತ್ರಕೋಶವನ್ನೂ ಗರ್ಭಕೋಶವನ್ನೂ ಕೆಳಗಿನಿಂದ ಹೊತ್ತು ನಿಂತಿರುವ ಶ್ರೋಣಿತಳದ ಸ್ನಾಯುಗಳು ಹೆರಿಗೆಗಳಲ್ಲಿ ಸಡಿಲಗೊಳ್ಳುವುದು ಇದರ ಮುಖ್ಯ ಕಾರಣ. ಹೊಯ್ಸಳರ ಕಾಲದ ಬಸದಿಗಳಿಗೆ ಹೆಸರಾದ, ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯಂಥ ಊರುಗಳಲ್ಲಿ ಹೊರೆ ಹೊರುವ ಕೆಲಸ ವಯಸ್ಸಾದರೂ ಬಿಡುವುದಿಲ್ಲವಾದ್ದರಿಂದ, ಒಮ್ಮೆ ಆಪರೇಷನ್ ಮಾಡಿಸಿಕೊಂಡವರಲ್ಲೂ ಕೆಲವರಿಗೆ ತೊಂದರೆ ಮರುಕಳಿಸಬಹುದು.

ಮೂತ್ರಕೋಶದ ಕುತ್ತಿಗೆಯನ್ನು ಹೊಲಿಗೆಗಳಿಂದ ಮೇಲೆತ್ತಿ ಕಟ್ಟುವ ವಿಧಾನವನ್ನು ಜಾನ್ ಬರ್ಚ್ 1961ರಲ್ಲಿ ಪ್ರಕಟಿಸಿದರು. ಸ್ವೀಡನ್ನಿನ ಉಲ್ಫ್ ಉಲ್ಮ್‌ಸ್ಟೆನ್ 1990ರ ದಶಕದಲ್ಲಿ ರೂಪಿಸಿದ ಟಿ.ವಿ.ಟಿ. ವಿಧಾನದಲ್ಲಿ, ಮೂತ್ರ ಹೊರಬರುವ ನಾಳದ ನಡುಭಾಗದ ಕೆಳಗೆ ಪಾಲಿಪ್ರೊಪಿಲೀನ್ ಜಾಲರಿಯ ಸಣ್ಣ ಪಟ್ಟಿಯನ್ನು ಬಿಗಿಯದೆ ಇಡಲಾಗುತ್ತದೆ. ಕೆಮ್ಮಿನ ಹೊತ್ತಿಗೆ ನಾಳ ಆ ಪಟ್ಟಿಗೆ ಒರಗಿ ಮುಚ್ಚಿಕೊಳ್ಳುತ್ತದೆ. ಇವು ಬಹಳಷ್ಟು ಮಂದಿಗೆ ಫಲ ಕೊಟ್ಟಿವೆಯಾದರೂ, ಪಟ್ಟಿ ತಕ್ಕ ಜಾಗದಲ್ಲಿ ಕೂರದಿದ್ದರೆ, ನಾಳವನ್ನು ಬಿಗಿಹಿಡಿಯುವ ಸ್ನಾಯುವೇ ಸೋತಿದ್ದರೆ, ಹಳೆಯ ಕೆಮ್ಮು, ಮಲಬದ್ಧತೆ, ಬೊಜ್ಜುಗಳು ಹಾಗೆಯೇ ಉಳಿದಿದ್ದರೆ ಸೋರಿಕೆ ಮತ್ತೆ ಕಾಣಿಸಿಕೊಳ್ಳುತ್ತದೆ.

ಇನ್ನೊಂದು ಕಾರಣವೂ ಉಂಟು, ಅದೇ ಹೆಚ್ಚು ಕಡೆಗಣಿಸಲ್ಪಡುವುದು: ಮೊದಲ ಸಲ ಕಾಯಿಲೆಯನ್ನು ಗುರುತಿಸಿದ್ದೇ ತಪ್ಪಾಗಿರಬಹುದು. ಮೂತ್ರಕೋಶ ತುಂಬಿರುವಾಗ ಹೆಂಗಸನ್ನು ನಿಲ್ಲಿಸಿ ಕೆಮ್ಮಿಸಿದರೆ, ಕೆಮ್ಮಿನ ಜೊತೆಗೇ ಹನಿ ಚಿಮ್ಮಿ ಕೆಮ್ಮು ನಿಂತೊಡನೆ ನಿಲ್ಲುವುದು ಒತ್ತಡಜನ್ಯ ಸೋರಿಕೆಯ ಲಕ್ಷಣ. ಕೆಮ್ಮಿ ಕೆಲವು ಕ್ಷಣಗಳಾದ ಮೇಲೆ ಧಾರೆಯಾಗಿ ಹರಿದರೆ ಮೂತ್ರಕೋಶವೇ ಅಕಾಲದಲ್ಲಿ ಹಿಂಡಿಕೊಳ್ಳುತ್ತಿದೆ ಎಂಬ ಶಂಕೆ ಹುಟ್ಟುತ್ತದೆ, ಅದಕ್ಕೆ ಬೇಕಾದದ್ದು ಮಾತ್ರೆ ಮತ್ತು ತರಬೇತಿಯೇ ಹೊರತು ಪಟ್ಟಿಯಲ್ಲ. ಗರ್ಭಕೋಶ ತೆಗೆಸಿಕೊಂಡವರಲ್ಲಿ ಹಗಲೂ ರಾತ್ರಿ ಸತತವಾಗಿ ಒದ್ದೆಯಾಗುತ್ತಿದ್ದರೆ ಮೂತ್ರಕೋಶಕ್ಕೂ ಯೋನಿಗೂ ನಡುವೆ ತೂತು, ಅಂದರೆ ಫಿಸ್ಟುಲಾ ಆಗಿದೆಯೇ ಎಂದು ನೋಡಬೇಕಾಗುತ್ತದೆ. ಗರ್ಭಕೋಶ ತೆಗೆದರೆ ಸೋರಿಕೆ ನಿಂತೀತೆಂಬ ನಂಬಿಕೆಗಂತೂ ಆಧಾರವಿಲ್ಲ. ಆದ್ದರಿಂದ ಮರುಶಸ್ತ್ರಚಿಕಿತ್ಸೆಗೆ ಮುಂಚೆ, ಮೂತ್ರಕೋಶ ತುಂಬುವಾಗಿನ ಮತ್ತು ಖಾಲಿಯಾಗುವಾಗಿನ ಒತ್ತಡವನ್ನು ಅಳೆಯುವ ಯೂರೋಡೈನಮಿಕ್ ಪರೀಕ್ಷೆ ಮಾಡಿಸುವುದು ವಾಡಿಕೆ. ಇಂಥ ತಪಾಸಣೆಗೆಂದು ಹಾಸನಕ್ಕೋ, ಅಲ್ಲಿಂದ ಮೈಸೂರು, ಬೆಂಗಳೂರುಗಳಿಗೋ ಹೋಗುವವರು ಹಳೆಯ ಡಿಸ್ಚಾರ್ಜ್ ಚೀಟಿಯನ್ನು ಜೊತೆಗೆ ಒಯ್ಯಬೇಕು, ಏಕೆಂದರೆ ಒಳಗೆ ಯಾವ ಪಟ್ಟಿ ಯಾವ ದಾರಿಯಲ್ಲಿ ಕೂತಿದೆಯೆಂಬುದು ತಿಳಿಯದೆ ಎರಡನೆಯ ಶಸ್ತ್ರವೈದ್ಯರು ಕುರುಡರಂತೆ ನಡೆಯಬೇಕಾಗುತ್ತದೆ.

ಎರಡನೆಯ ಬಾರಿಗೆ ಏನು ಮಾಡಬೇಕೆಂಬುದಕ್ಕೆ ಒಂದೇ ಉತ್ತರವಿಲ್ಲ, ಫಲವೂ ಸಾಮಾನ್ಯವಾಗಿ ಮೊದಲ ಸಲಕ್ಕಿಂತ ಕಡಿಮೆ. ಇನ್ನೊಂದು ಜಾಲರಿ ಪಟ್ಟಿ ಇಡಬಹುದು, ಬರ್ಚ್ ವಿಧಾನಕ್ಕೆ ಮರಳಬಹುದು, ನಾಳದ ಗೋಡೆಗೆ ಜೆಲ್ ಚುಚ್ಚಿ ಅದನ್ನು ದಪ್ಪಗಾಗಿಸಬಹುದು. ಜೆಲ್‌ನ ಅಪಾಯ ಕಡಿಮೆ, ಪರಿಣಾಮವೂ ಅಷ್ಟಕ್ಕಷ್ಟೆ. ಜಾಲರಿ ಯೋನಿಯ ಗೋಡೆಯನ್ನು ಕೊರೆದು ಹೊರಬಂದ, ಸದಾ ನೋವು ಉಳಿದ ದೂರುಗಳು ಹೆಚ್ಚಿದ್ದರಿಂದ ಇಂಗ್ಲೆಂಡ್ 2018ರಲ್ಲಿ ಅದರ ಬಳಕೆಗೆ ತಡೆ ಹಾಕಿತು. ಆಮೇಲೆ ರೋಗಿಯದೇ ಹೊಟ್ಟೆಯ ಗೋಡೆಯ ಅಥವಾ ತೊಡೆಯ ಗಟ್ಟಿ ಪೊರೆಯಿಂದ ಪಟ್ಟಿ ಕತ್ತರಿಸಿ ಇಡುವ ಹಳೆಯ ಪದ್ಧತಿಗೆ ಮತ್ತೆ ಬೆಲೆ ಬಂದಿದೆ. ನಾಳವನ್ನು ಹಿಡಿಯುವ ಸ್ನಾಯು ತೀರಾ ಸೋತವರಿಗೆ ಇದೇ ಹೆಚ್ಚು ಒಗ್ಗುತ್ತದೆ. ಆದರೆ ಪಟ್ಟಿ ಹೆಚ್ಚು ಬಿಗಿಯಾದರೆ ಮೂತ್ರ ಸರಾಗವಾಗಿ ಹೋಗದೆ, ಕೆಲವರು ಸ್ವಲ್ಪ ಕಾಲ ಅಥವಾ ದೀರ್ಘಕಾಲ ದಿನಕ್ಕೆ ಹಲವು ಬಾರಿ ತಾವೇ ಕ್ಯಾತಿಟರ್ ಹಾಕಿಕೊಂಡು ಮೂತ್ರ ತೆಗೆಯಬೇಕಾದೀತು. ಹೊಲದ ಬದುವಿನಲ್ಲಿ ದಿನ ಕಳೆಯುವ, ಕೈ ತೊಳೆಯಲು ಶುದ್ಧ ನೀರೂ ಮರೆಯೂ ಸಿಗದ ಹೆಂಗಸಿಗೆ ಇದು ಸಾಧ್ಯವೇ ಎಂಬ ಪ್ರಶ್ನೆಯನ್ನು ವೈದ್ಯರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ಮೊದಲೇ ಎತ್ತಬೇಕು. ಅವರು ಎತ್ತದಿದ್ದರೆ ಮನೆಯವರೇ ಕೇಳಬೇಕು.