ಹೃದಯದ ಎಳೆಗಳು

ಯೆರವಡಾ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಸೆರೆಮನೆ; ನೂಲುವವರಿಗೆ ಮಾತ್ರ ಪೆಟ್ಟಿಗೆಯ ಚರಖಾ. 1930ರಲ್ಲಿ ಇಲ್ಲಿ ಬಂಧಿಯಾಗಿದ್ದ ಮಹಾತ್ಮರು ಮನಸ್ಸಿಟ್ಟು ತಿದ್ದಿದ ಆ ಪುಟ್ಟ ಯಂತ್ರಕ್ಕೆ ಈ ಊರಿನ ಹೆಸರೇ ನಿಂತಿತು. ಅರಳೆಯನ್ನು ಹಿಂಜಿ, ಎಳೆಗಳನ್ನು ಒಂದೇ ದಿಕ್ಕಿಗೆ ತಂದು, ಹುರಿ ಕೊಟ್ಟರೆ ನೂಲಿಗೆ ಬಲ. ಅಡ್ಡಾದಿಡ್ಡಿ ಅರಳೆ ಬೆರಳಿನ ಸೆಳೆತವನ್ನೂ ತಾಳದು. ಹೃದಯದ ಸಂಗತಿಯೂ ಹೀಗೆಯೇ ಎಂದರೆ ವಾಚಕರು ನಗಬಾರದು.

ನಾವು ಇಲ್ಲಿ ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ಬಡಿಸುವ ಹುಡುಗನೊಬ್ಬನು, ಇಪ್ಪತ್ತೆರಡರ ಪ್ರಾಯದವನು, ಮಾಳಿಗೆಯ ಮೆಟ್ಟಿಲೇರುತ್ತಿದ್ದಂತೆಯೇ ಕುಸಿದು ತೀರಿಕೊಂಡನು. ಕುಡಿತವಿಲ್ಲ, ಬೀಡಿಯಿಲ್ಲ. ಊರಿನಿಂದ ಬಂದ ತಾಯಿಗೆ ಏನು ಹೇಳಬೇಕೆಂದು ನಮಗೆ ತಿಳಿಯಲಿಲ್ಲ.

ಹೀಗೆ ಹಠಾತ್ತಾಗಿ ಮಡಿದ ತರುಣರ ಹೃದಯಗಳನ್ನು ಲಂಡನ್ನಿನ ಡಾ. ಡೊನಾಲ್ಡ್ ಟಿಯರ್ ಪರೀಕ್ಷಿಸಿ 1958ರಲ್ಲಿ ವರದಿ ಮಾಡಿದರು. ಗೋಡೆ ದಪ್ಪಗಾಗಿತ್ತು, ಸ್ನಾಯುವಿನ ಎಳೆಗಳು ಸಾಲು ತಪ್ಪಿ ಕಲಸಿಹೋಗಿದ್ದವು. ಆರೋಗ್ಯವಂತರಲ್ಲಿ ಹಾಗಿರುವುದಿಲ್ಲ. ಮಿಲಿಮೀಟರಿನ ಹತ್ತನೆಯ ಒಂದಂಶದಷ್ಟು ಉದ್ದದ ಜೀವಕೋಶಗಳು ತುದಿಗೆ ತುದಿ ಸೇರಿ ಸಾಲಾಗಿರುತ್ತವೆ. ಹೊರಪದರದ ಸಾಲು ಒಂದು ಕಡೆಗೆ ಓರೆ, ಒಳಪದರದ್ದು ಮತ್ತೊಂದು ಕಡೆಗೆ. ಮೇಜು ಒರೆಸುವ ಬಟ್ಟೆಯನ್ನು ನಮ್ಮ ಹುಡುಗರು ಹಿಂಡುವುದನ್ನು ನೋಡಿ. ಮುಷ್ಟಿಯಲ್ಲಿ ಅಮುಕಿದರೆ ಸ್ವಲ್ಪ ನೀರು, ತಿರುಚಿದರೆ ಬಹಳ ನೀರು. ಒಂದೊಂದು ಕೋಶ ನೂರಕ್ಕೆ ಸುಮಾರು 15ರಷ್ಟು ಮಾತ್ರ ಕುಗ್ಗಿದರೂ, ಎಡ ಹೃತ್ಕುಕ್ಷಿ ತನ್ನಲ್ಲಿನ ರಕ್ತದ ಅರ್ಧಕ್ಕಿಂತ ಹೆಚ್ಚನ್ನು ಒಂದೇ ಬಡಿತಕ್ಕೆ ಹೊರದೂಡುವುದು ಈ ತಿರುಚಿನಿಂದ ಎಂದು 1969ರಲ್ಲಿ ಎಡ್ವರ್ಡ್ ಸ್ಯಾಲಿನ್ ಎಂಬವರು ಲೆಕ್ಕ ಹಾಕಿ ತೋರಿಸಿದರು.

ಲೆಕ್ಕವನ್ನು ಕೈಯಿಂದ ಮಾಡಿ ನೋಡುವುದು ಹೇಗೆ? ಪ್ರಯೋಗಶಾಲೆಯ ತಟ್ಟೆಯಲ್ಲಿ ಬಿಟ್ಟ ಕೋಶಗಳು ಸಂತೆಯ ಜನರಂತೆ ದಿಕ್ಕುದಿಕ್ಕಿಗೆ ನಿಲ್ಲುತ್ತವೆ. ಮಿಡಿದರೂ ಒಟ್ಟು ಬಲವಿಲ್ಲ. ಜರ್ಮನಿಯ ಥಾಮಸ್ ಎಶೆನ್‌ಹಾಗೆನ್ ಮತ್ತು ಸಂಗಡಿಗರು 1997ರಲ್ಲಿ ಕೋಳಿಯ ಭ್ರೂಣದ ಹೃದಯಕೋಶಗಳನ್ನು ಕೊಲಾಜನ್ ಎಂಬ ಅಂಟಿನಂಥ ವಸ್ತುವಿನಲ್ಲಿ ಬೆಳೆಸಿದರು. ಅಂಥ ಅಂಗಾಂಶವನ್ನು ಎರಡು ತುದಿಗಳಲ್ಲಿ ಹಿಡಿದಿಟ್ಟರೆ ಸೆಳೆತದ ದಿಕ್ಕಿಗೆ ಕೋಶಗಳು ತಾವೇ ಸಾಲುಗೊಳ್ಳುತ್ತವೆ. 2022ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಕಿಟ್ ಪಾರ್ಕರ್ ತಂಡದವರು ಮತ್ತೂ ಮುಂದೆ ಹೋದರು. ಜಾತ್ರೆಯ ಬೊಂಬಾಯಿ ಮಿಠಾಯಿ ಯಂತ್ರದ ತತ್ತ್ವದಲ್ಲಿಯೇ ಸಣ್ಣ ನೂಲುಗಳನ್ನು ತೆಗೆದು, ಸುರುಳಿಯಾಗಿ ಸುತ್ತಿ ಪುಟ್ಟ ಹೃತ್ಕುಕ್ಷಿಯನ್ನು ಮಾಡಿ, ಅದರ ಮೇಲೆ ಹೃದಯಕೋಶಗಳನ್ನು ಬೆಳೆಸಿದರು. ಬಳೆಯಂತೆ ಅಡ್ಡಲಾಗಿ ಸುತ್ತಿದ ಮಾದರಿಗಿಂತ ಸುರುಳಿಯ ಮಾದರಿ ಹೆಚ್ಚು ದ್ರವವನ್ನು ಹೊರದೂಡಿತು. ಸ್ಯಾಲಿನ್ನರ ಲೆಕ್ಕಕ್ಕೆ ಐವತ್ತಮೂರು ವರ್ಷಗಳ ಮೇಲೆ ಸಾಕ್ಷಿ ದೊರೆಯಿತು!

ಇದನ್ನು ಎದೆಗೆ ಹೊಲಿಯುವ ದಿನ ಇನ್ನೂ ದೂರ. ಆದರೆ ರೋಗಿಯ ಚರ್ಮದ ಅಥವಾ ರಕ್ತದ ಕೋಶದಿಂದಲೇ ಹೃದಯಕೋಶ ಮಾಡಬಹುದಾದ್ದರಿಂದ, ಔಷಧವನ್ನು ಮನುಷ್ಯನಿಗೆ ಕೊಡುವ ಮೊದಲು ಇಂಥ ಅಂಗಾಂಶಕ್ಕೆ ಕೊಟ್ಟು ನೋಡಬಹುದು. ನಮ್ಮವರಿಗೆ ಇದು ಪರದೇಶದ ಸುದ್ದಿಯಷ್ಟೇ ಅಲ್ಲ. ದಕ್ಷಿಣ ಏಷ್ಯದ ಜನರಲ್ಲಿ ನೂರಕ್ಕೆ ಸುಮಾರು ನಾಲ್ವರಲ್ಲಿ ಹೃದಯಸ್ನಾಯುವಿನ ಒಂದು ವಂಶವಾಹಿಯಲ್ಲಿ 25 ಅಕ್ಷರಗಳ ಲೋಪವಿದೆಯೆಂದು 2009ರಲ್ಲಿ ಪ್ರಕಟಿಸಿದವರಲ್ಲಿ ಮೊದಲಿಗರಾದ ಧಂಡಪಾಣಿಯವರು ಮುಂದೆ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯನ್ನು ಸೇರಿದರು. ಲೋಪವಿದ್ದವರೆಲ್ಲ ರೋಗಿಗಳಲ್ಲ, ಅಪಾಯ ಮಾತ್ರ ಹೆಚ್ಚು.

ಮನೆಯಲ್ಲಿ ಎಳೆಯ ಪ್ರಾಯದವರು ಕಾರಣ ತಿಳಿಯದೆ ಮಡಿದಿದ್ದರೆ, ಓಡುವಾಗ ತಲೆ ತಿರುಗಿ ಬೀಳುವವರಿದ್ದರೆ, ಇ.ಸಿ.ಜಿ. ಮತ್ತು ಎಕೋ ಪರೀಕ್ಷೆ ಮಾಡಿಸಲೇಬೇಕು. ಗೋಡೆಯ ದಪ್ಪ ಎಕೋದಲ್ಲಿ ಕಾಣುತ್ತದೆ. ತೀರಿಕೊಂಡ ಹುಡುಗನ ತಮ್ಮನು ಈಗ ಇಲ್ಲಿಯೇ ಒಂದು ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂರುತ್ತಾನೆ. "ನನಗೇನಾಗಿದೆ ಧಣಿ?" ಎನ್ನುತ್ತಾನೆ. ಮುಂದಿನ ವಾರ ರಜೆ ಹಾಕಿಸಿ ಅವನನ್ನು ನಾವೇ ಕರೆದೊಯ್ಯುವವರಿದ್ದೇವೆ.