ಹಸುರು ಪಟ್ಟಿಯ ಡಬ್ಬಿ

ನಮ್ಮ ಕರಾವಳಿಯಲ್ಲಿ ಮೀನುಗಾರಿಕೆಗೆ ಬಲೆ ಎಷ್ಟು ಅಗತ್ಯವೋ ಮಂಜುಗಡ್ಡೆಯೂ ಅಷ್ಟೇ ಅಗತ್ಯ. ಧಕ್ಕೆಯ ಆಸುಪಾಸಿನ ಐಸ್ ಪ್ಲಾಂಟುಗಳ ಬದಿಯಿಂದ ನಡೆದು ಹೋಗುವಾಗ ಮೂಗಿಗೆ ಸೂಜಿ ಚುಚ್ಚಿದಂತಾಗಿ ಕಣ್ಣಲ್ಲಿ ನೀರು ಬಂದ ಅನುಭವ ಓದುಗರಲ್ಲಿ ಹಲವರಿಗೆ ಆಗಿರಬಹುದು. ಅದು ಅಮೋನಿಯ ಅನಿಲ. ನೀರನ್ನು ಗಡ್ಡೆ ಕಟ್ಟಿಸುವ ತಂಪು ಹುಟ್ಟುವುದು ಅದರಿಂದಲೇ. ದಾರಿಹೋಕರಾದ ನಾವು ಮೂಗು ಮುಚ್ಚಿಕೊಂಡು ಬೇಗ ದಾಟಿಬಿಡುತ್ತೇವೆ. ಒಳಗೆ ಕಂಪ್ರೆಸರಿನ ಬಳಿ ನಿಂತು ವಾಲ್ವು ತಿರುಗಿಸುವವನಿಗೆ ಆ ಅನುಕೂಲವಿಲ್ಲ.

ಇಂಥ ಒಂದು ಪ್ಲಾಂಟಿಗೆ ನಾವು ಹೋಗಿದ್ದೆವು. ಗೋಡೆಯ ಮೊಳೆಗೆ ರಬ್ಬರಿನ ಮುಖವಾಡವೊಂದು ತೂಗುತ್ತಿತ್ತು. ಅದರ ಮೂತಿಗೆ ತಿರುಗಿಸಿ ಕೂರಿಸಿದ ಡಬ್ಬಿಯ ಮೇಲೆ ಧೂಳಿನಡಿಯಲ್ಲಿ ಹಸುರು ಪಟ್ಟಿ. ಧೂಳೊರೆಸಿ ನೋಡಿದರೆ ಡಬ್ಬಿಯ ಅವಧಿ ಮುಗಿದು ವರ್ಷಗಳಾಗಿದ್ದವು. ಬಾಯಿಯ ಸೀಲು ಎಂದೋ ಕಿತ್ತುಹೋಗಿತ್ತು. ಯಂತ್ರದ ಬಳಿಯಿದ್ದ ಯುವಕನ ಕನ್ನಡ ನಮ್ಮ ಸೀಮೆಯದಲ್ಲ. ವಿಚಾರಿಸಿದಾಗ ಕುಂದುರ್ಪಿಯವನೆಂದು ತಿಳಿಯಿತು.

ಕುಂದುರ್ಪಿ ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯಲ್ಲಿ ಕಲ್ಯಾಣದುರ್ಗದ ಕಡೆಯ ಗಡಿಯೂರು. ಬೆಟ್ಟದ ಮೇಲೆ ಹಳೆಯ ಕೋಟೆ, ಸುತ್ತ ನೆಲಗಡಲೆ ಬೆಳೆಯುವ ಒಣಭೂಮಿ. ಅಲ್ಲಿ ಹಲವರ ಮನೆಮಾತು ಕನ್ನಡ, ಕಚೇರಿಯ ಮಾತು ತೆಲುಗು. ಮಳೆ ಕೈಕೊಟ್ಟ ವರ್ಷ ಊರು ಬಿಟ್ಟು ಬಂದ ಈ ಯುವಕನಿಗೆ ಇಲ್ಲಿಯ ಫಲಕಗಳ ಮಲಯಾಳವೂ ಓದಲು ಬಾರದು, ಡಬ್ಬಿಯ ಮೇಲಿನ ಇಂಗ್ಲಿಷೂ ಬಾರದು. ವಾಸನೆ ಬಂದಾಗ ಏನು ಮಾಡುತ್ತೀಯೆಂದು ಕೇಳಿದೆವು. ಬೈರಾಸು ಒದ್ದೆ ಮಾಡಿ ಮುಖಕ್ಕೆ ಕಟ್ಟಿಕೊಳ್ಳುತ್ತೇನೆ ಎಂದ.

ಈ ಉಪಾಯ ತೀರ ಮೂರ್ಖತನವಲ್ಲ. ಅಮೋನಿಯ ನೀರಿನಲ್ಲಿ ಬಹಳ ಸುಲಭವಾಗಿ ಕರಗುತ್ತದೆ. ಒದ್ದೆ ಬಟ್ಟೆ ಓಡಿ ಹೊರಗೆ ಬರುವಷ್ಟು ಹೊತ್ತು ಅಲ್ಪಸ್ವಲ್ಪ ತಡೆದೀತು. ಆದರೆ ನಿಂತು ಕೆಲಸ ಮಾಡುವುದಕ್ಕೆ ಅದು ಸಾಲದು. ಮೇಲಾಗಿ ನೀರಿನ ಮೇಲಿನ ಇದೇ ಮೋಹವೇ ಈ ಅನಿಲದ ಅಪಾಯವೂ ಹೌದು. ಕಣ್ಣು, ಗಂಟಲು, ಶ್ವಾಸಕೋಶ ಎಲ್ಲಿ ತೇವವಿದೆಯೋ ಅಲ್ಲಿ ಕರಗಿ ತೀಕ್ಷ್ಣವಾದ ಕ್ಷಾರವಾಗಿ ಸುಡುತ್ತದೆ. ಭೋಪಾಲದ ದುರಂತದ ತರುವಾಯ 1987ರಲ್ಲಿ ಕಾರ್ಖಾನೆ ಕಾಯಿದೆಗೆ ಮಾಡಿದ ತಿದ್ದುಪಡಿಯಲ್ಲಿ ಇದಕ್ಕೊಂದು ಮಿತಿ ಹಾಕಲಾಯಿತು: ಎಂಟು ತಾಸಿನ ಸರಾಸರಿಯಲ್ಲಿ ಗಾಳಿಯ ಹತ್ತು ಲಕ್ಷ ಪಾಲಿಗೆ 25 ಪಾಲು, 15 ನಿಮಿಷದ ಮಟ್ಟಿಗೆ 35 ಪಾಲು. 300 ಪಾಲಿಗೆ ಏರಿತೆಂದರೆ ಜೀವಕ್ಕೆ ತತ್‌ಕ್ಷಣದ ಅಪಾಯವೆಂದು ಅಮೆರಿಕದ ನಿಯೋಶ್ ಸಂಸ್ಥೆ ಗುರುತಿಸಿದೆ. ದಿನವೂ ಮೂಸುತ್ತಿದ್ದವರ ಮೂಗು ಒಗ್ಗಿಹೋಗುವುದರಿಂದ ಮೂಗನ್ನೇ ಅಳತೆಗೋಲು ಮಾಡಿಕೊಳ್ಳುವಂತಿಲ್ಲ.

ಇನ್ನು ಡಬ್ಬಿಯ ಒಳಗೆ ಏನಿದೆ? ತೆಂಗಿನ ನಾಡಿನವರಾದ ನಮಗೆ ಕೇಳಿ ಆಶ್ಚರ್ಯವಾಗಬಹುದು, ಅದರ ಮೂಲ ಬಹಳಷ್ಟು ಸಲ ನಮ್ಮ ಹಿತ್ತಿಲಿನ ಗೆರಟೆ. ಗೆರಟೆಯನ್ನು ಸುಟ್ಟು ಇದ್ದಲು ಮಾಡಿ, ಅತಿ ಹೆಚ್ಚಿನ ಉಷ್ಣದಲ್ಲಿ ಹಬೆ ಹಾಯಿಸಿದರೆ ಕಣ್ಣಿಗೆ ಕಾಣದ ಅಸಂಖ್ಯ ರಂಧ್ರಗಳು ಮೂಡುತ್ತವೆ. ಒಂದು ಗ್ರಾಂ ಇದ್ದಲಿನ ಒಳಮೈ ಬಿಡಿಸಿ ಹಾಸಿದರೆ ಸುಮಾರು ಸಾವಿರ ಚದರ ಮೀಟರ್ ಆಗುತ್ತದೆಂದು ಲೆಕ್ಕ. ಮೊದಲನೆಯ ಮಹಾಯುದ್ಧದಲ್ಲಿ ವಿಷವಾಯುವಿನ ಮುಖವಾಡಗಳಿಗೆ ಇದ್ದಲು ಸಾಲದೆ ಅಮೆರಿಕದಲ್ಲಿ ಜನರಿಂದ ಹಣ್ಣಿನ ಗೊರಟುಗಳನ್ನೂ ಕಾಯಿಯ ಚಿಪ್ಪುಗಳನ್ನೂ ಸಂಗ್ರಹಿಸಿದ್ದರು.

ಆದರೆ ಬರಿಯ ಇದ್ದಲು ಪೆಟ್ರೋಲು, ಥಿನ್ನರಿನಂಥ ಆವಿಗಳನ್ನು ಚೆನ್ನಾಗಿ ಹಿಡಿದಿಟ್ಟರೂ ಅಮೋನಿಯಕ್ಕೆ ಸೋಲುತ್ತದೆ. ಅಷ್ಟು ಚಿಕ್ಕ, ಹಗುರವಾದ ಅನಿಲ ಅದರಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ಇದ್ದಲಿಗೆ ಸತುವಿನ ಕ್ಲೋರೈಡಿನಂಥ ಲವಣವನ್ನೋ ಆಮ್ಲವನ್ನೋ ಉಣಿಸುತ್ತಾರೆ. ಕ್ಷಾರದ ಅನಿಲ ಅದನ್ನು ಮುಟ್ಟಿದೊಡನೆ ಕೂಡಿಕೊಂಡು ಅಲ್ಲೇ ಉಳಿಯುತ್ತದೆ. ಕೊಳೆತ ಮೀನಿನ ನಾತಕ್ಕೆ ಕಾರಣವಾದ ಅಮೀನುಗಳೂ ಅಮೋನಿಯದ ದಾಯಾದಿಗಳೇ. ಅವಕ್ಕೂ ಇದೇ ಮದ್ದು. ಉಣಿಸಿದ ಲವಣ ತೀರಿತೋ, ಡಬ್ಬಿಯ ಆಯುಷ್ಯವೂ ತೀರಿತು. ಸೀಲು ಕಿತ್ತು ಮೊಳೆಗೆ ತೂಗಹಾಕಿದ ಡಬ್ಬಿ ನಮ್ಮ ಮಳೆಗಾಲದ ತೇವವನ್ನು ಹೀರಿ, ಯಾರೂ ತೊಡದೆಯೇ ಕೆಡಬಹುದು.

ಯುರೋಪಿನ ಕ್ರಮದಲ್ಲಿ ಇಂಥ ಡಬ್ಬಿಗೆ ಹಸುರು ಬಣ್ಣ, ಇಂಗ್ಲಿಷಿನ 'ಕೆ' ಅಕ್ಷರ. ಅಮೆರಿಕದಲ್ಲಿಯೂ ಅಮೋನಿಯಕ್ಕೆ ಹಸುರೇ. ಕಂದು ಪಟ್ಟಿ ಸಾವಯವ ಆವಿಗಳಿಗೆ, ಬೂದು ಬಣ್ಣ ಕ್ಲೋರಿನ್ನಿನಂಥವಕ್ಕೆ, ಹಳದಿ ಗಂಧಕದ ಡೈಆಕ್ಸೈಡಿಗೆ. ಕೆ-1, ಕೆ-2, ಕೆ-3 ಎಂಬ ಅಂಕಿಗಳು ಶಕ್ತಿಯ ಮೆಟ್ಟಿಲುಗಳು. ಹತ್ತು ಲಕ್ಷಕ್ಕೆ 5000 ಪಾಲು ಅಮೋನಿಯವಿರುವ ಗಾಳಿಯನ್ನು ನಿಮಿಷಕ್ಕೆ 30 ಲೀಟರಿನಂತೆ ಹಾಯಿಸಿದಾಗ ಕೆ-2 ಡಬ್ಬಿ ಕನಿಷ್ಠ 40 ನಿಮಿಷ ತಡೆಯಬೇಕೆಂಬುದು ಅದರ ಪರೀಕ್ಷೆ. ಇದು ಡಬ್ಬಿಯ ತಾಕತ್ತೇ ಹೊರತು ಅಷ್ಟು ದಟ್ಟವಾದ ಗಾಳಿಗೆ ನುಗ್ಗಲು ಕೊಟ್ಟ ಪರವಾನಗಿಯಲ್ಲ. ಪೈಪು ಒಡೆದು ಬಿಳಿ ಮಂಜು ಕವಿದಾಗ ಬೇಕಾದದ್ದು ಬೆನ್ನಿಗೆ ಹೊರುವ ಗಾಳಿಯ ಸಿಲಿಂಡರ್. ಕಣ್ಣೂ ಸುಡುವುದರಿಂದ ಮೂಗುಬಾಯಿ ಮುಚ್ಚುವ ಅರೆ ಮುಖವಾಡಕ್ಕಿಂತ ಪೂರ್ಣ ಮುಖವಾಡವೇ ಲೇಸು. ಗಡ್ಡ ಬಿಟ್ಟವರ ಕೆನ್ನೆಗೆ ರಬ್ಬರು ಅಂಟುವುದಿಲ್ಲ, ಸಂದಿಯಿಂದ ಅನಿಲ ನುಸುಳುತ್ತದೆ. ತೊಟ್ಟ ಮೇಲೆ ಡಬ್ಬಿಯ ಬಾಯಿಗೆ ಅಂಗೈ ಒತ್ತಿ ಉಸಿರೆಳೆದಾಗ ಮುಖವಾಡ ಮುಖಕ್ಕೆ ಕಚ್ಚಿಕೊಂಡರೆ ಸರಿಯಾಗಿದೆಯೆಂದು ಅರ್ಥ. ಕೊರೋನ ಕಾಲದಲ್ಲಿ ಮನೆಮನೆಗೆ ಬಂದ ಎನ್-95 ಮಾಸ್ಕನ್ನು ಇದಕ್ಕೂ ಸಾಕೆಂದು ಹಲವರು ತಿಳಿದಿದ್ದಾರೆ. ಅದು ಕಣಗಳನ್ನು ತಡೆಯುತ್ತದೆ; ಅನಿಲ ಅದರ ಮೂಲಕ ನಿರಾಯಾಸವಾಗಿ ಸಾಗುತ್ತದೆ.

ಕುಂದುರ್ಪಿಯ ಯುವಕನಿಗೆ ಗ್ಯಾಸಿನ ಸುದ್ದಿ ಹೊಸದೇನಲ್ಲ. ಅವನ ಜಿಲ್ಲೆಯ ತಾಡಿಪತ್ರಿಯಲ್ಲಿ 2018ರ ಜುಲೈ 12ರಂದು ಉಕ್ಕಿನ ಕಾರ್ಖಾನೆಯೊಂದರಲ್ಲಿ ಕಾರ್ಬನ್ ಮೊನಾಕ್ಸೈಡ್ ಸೋರಿ ಆರು ಮಂದಿ ಕಾರ್ಮಿಕರು ಸತ್ತರು. ನೆರೆಯ ನಂದ್ಯಾಲದಲ್ಲಿ 2020ರ ಜೂನಿನಲ್ಲಿ ಸೋರಿದ್ದು ಅಮೋನಿಯವೇ. ಅಲ್ಲಿ ಕಾರ್ಖಾನೆಯ ಅಧಿಕಾರಿಯೊಬ್ಬರು ಪ್ರಾಣ ಕಳೆದುಕೊಂಡರು. ನಮಗೆ ಹತ್ತಿರದ ಬಜ್ಪೆಯಲ್ಲಿ 2022ರ ಏಪ್ರಿಲಿನಲ್ಲಿ ಮೀನು ಸಂಸ್ಕರಣಾ ಘಟಕದ ತ್ಯಾಜ್ಯದ ತೊಟ್ಟಿಯಲ್ಲಿ ವಿಷಾನಿಲ ಸೇವಿಸಿ ಪಶ್ಚಿಮ ಬಂಗಾಳದಿಂದ ದುಡಿಯಲು ಬಂದಿದ್ದ ಐವರು ತೀರಿಕೊಂಡರು. ಈ ಮೂರೂ ಒಂದೇ ಬಗೆಯವಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. ತಾಡಿಪತ್ರಿಯ ಅನಿಲಕ್ಕೆ ವಾಸನೆಯಿಲ್ಲ, ಹಸುರು ಡಬ್ಬಿ ಅದನ್ನು ತಡೆಯುವುದೂ ಇಲ್ಲ. ತೊಟ್ಟಿ, ಬಾವಿಯಂಥ ಇಕ್ಕಟ್ಟಿನ ಜಾಗದಲ್ಲಿ ಆಮ್ಲಜನಕವೇ ಕಡಿಮೆಯಿದ್ದರೆ ಯಾವ ಬಣ್ಣದ ಡಬ್ಬಿಯೂ ಕೆಲಸಕ್ಕೆ ಬಾರದು. ಡಬ್ಬಿ ಇದ್ದ ಗಾಳಿಯನ್ನು ಸೋಸೀತು, ಇಲ್ಲದ ಗಾಳಿಯನ್ನು ತಂದುಕೊಡಲಾರದು. ಮುಖವಾಡವೊಂದಿದೆ ಎಂಬ ಧೈರ್ಯದಲ್ಲಿ ತೊಟ್ಟಿಗೆ ಇಳಿಯುವುದು ಬರಿಮುಖದಲ್ಲಿ ಇಳಿದಷ್ಟೇ ಅಪಾಯ.

ಇಷ್ಟೆಲ್ಲ ವಿಷಯ ಆ ಡಬ್ಬಿಯ ಮೇಲೂ ಅದರ ಜತೆಗೆ ಬಂದ ಕಾಗದದಲ್ಲೂ ಅಚ್ಚಾಗಿತ್ತು, ಇಂಗ್ಲಿಷಿನಲ್ಲಿ. 1948ರ ಕಾರ್ಖಾನೆ ಕಾಯಿದೆಯ 108ನೆಯ ಕಲಮು ಏನು ಹೇಳಿತ್ತೆಂದರೆ, ಕಾರ್ಖಾನೆಯ ನೋಟೀಸುಗಳು ಇಂಗ್ಲಿಷಿನಲ್ಲಿಯೂ ಅಲ್ಲಿಯ ಬಹುಸಂಖ್ಯೆಯ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿಯೂ ಇರಬೇಕು. ಬಹುಸಂಖ್ಯೆ ಎಂಬ ಮಾತಿನ ಬಿಸಿ ಏನೆಂದು ಗಡಿನಾಡಿನ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕುಂದುರ್ಪಿಯಲ್ಲಿದ್ದರೂ, ಕಾಸರಗೋಡಿಗೆ ಬಂದರೂ ನಾವು ಎಣಿಕೆಯಲ್ಲಿ ಕಡಿಮೆಯವರೇ. 2025ರ ನವೆಂಬರಿನಲ್ಲಿ ಆ ಕಾಯಿದೆಯ ಜಾಗಕ್ಕೆ ಹೊಸ ಸಂಹಿತೆ ಬಂದಿದೆ. ನಾವು ನೋಡಿದ ಗೋಡೆಯ ಫಲಕ ಮಾತ್ರ ಹಳೆಯದೇ. ಅನಿಲವಂತೂ ಶ್ವಾಸಕೋಶದ ಮಾತೃಭಾಷೆ ಕೇಳಿ ಒಳಹೋಗುವುದಿಲ್ಲ. ಒಬ್ಬನೇ ಒಬ್ಬ ಕನ್ನಡಿಗ ಅಥವಾ ಬಂಗಾಳಿ ಆ ವಾಲ್ವಿನ ಬಳಿ ನಿಲ್ಲುವುದಾದರೆ ಅವನಿಗೆ ತಿಳಿಯುವಂತೆ ಬರೆಯಲು ಖರ್ಚಾಗುವುದು ಒಂದು ಹಾಳೆ ರಟ್ಟು.

ಅಂದು ನಾವು ಮಾಡಿದ್ದೂ ಅಷ್ಟೇ. ಮೇಲ್ವಿಚಾರಕರು ಸಜ್ಜನರು, ಮೀನಿನ ಪೆಟ್ಟಿಗೆಯ ರಟ್ಟನ್ನೂ ಮಸಿಯ ಪೆನ್ನನ್ನೂ ಅವರೇ ತಂದುಕೊಟ್ಟರು. ಹಸುರು ಪಟ್ಟಿಯದನ್ನೇ ತೊಡು, ತಾರೀಕು ನೋಡು, ವಾಸನೆ ಒಳಗೆ ಬಂದರೆ ಕೆಲಸ ಬಿಟ್ಟು ಹೊರಗೆ ಬಾ, ಗಾಳಿ ಬರುವ ದಿಕ್ಕಿಗೆ ಹೋಗು, ಕಣ್ಣಿಗೆ ಬಿದ್ದರೆ ಕಾಲು ಗಂಟೆಯಾದರೂ ಬಿಡದೆ ನೀರು ಹಾಕಿ ಆಸ್ಪತ್ರೆಗೆ ನಡೆ, ತೊಟ್ಟಿಗೆ ಇಳಿಯಬೇಡ ಎಂದು ದೊಡ್ಡಕ್ಷರದಲ್ಲಿ ಬರೆದೆವು. ಯುವಕ ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿ, ಮುಖವಾಡದ ಮೊಳೆಗೇ ರಟ್ಟನ್ನು ಸಿಕ್ಕಿಸಿದ. ಹೊಸ ಡಬ್ಬಿಗೆ ಬರೆದು ಕಳುಹಿಸುವುದಾಗಿ ಮೇಲ್ವಿಚಾರಕರು ಹೇಳಿದ್ದಾರೆ. ಕಳೆದ ವಾರ ಆ ದಾರಿಯಾಗಿ ಹೋದಾಗ ಇಣುಕಿ ನೋಡಿದೆವು. ರಟ್ಟು ಅಲ್ಲೇ ಇತ್ತು. ಡಬ್ಬಿ ಇನ್ನೂ ಬಂದಿರಲಿಲ್ಲ.