ಬರಗಾಲಕ್ಕೆ ಹೂತಿಟ್ಟ ಬುತ್ತಿ

ಗದಗಿನ ನೆರೆಯ ಕಳಸಾಪುರದ ಸೀಮೆಯಲ್ಲಿ ಮಳೆ ತಪ್ಪುವುದು ಹೊಸ ಮಾತಲ್ಲ. ಆದುದರಿಂದಲೇ ಈ ಸೀಮೆಯ ಹಿರಿಯರು ಸುಗ್ಗಿಯ ಜೋಳವನ್ನೆಲ್ಲ ಮಾರದೆ, ನೆಲದೊಳಗೆ ಹಗೇವು ತೋಡಿ ತುಂಬಿಡುತ್ತಿದ್ದರು. ಒಳಮೈಗೆ ಹುಲ್ಲು ಹೊದಿಸಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಹೊರಗಿನ ಗಾಳಿಗೆ ಪ್ರವೇಶವಿಲ್ಲ. ಉಸಿರುಗಟ್ಟಿ ಹುಳು ಸಾಯುವುದು, ಕಾಳು ವರ್ಷಗಟ್ಟಲೆ ಉಳಿಯುವುದು.

ಆದರೆ ಒಳಗೆ ಕೆಟ್ಟು ನಿಂತ ಆ ಗಾಳಿ ಮನುಷ್ಯನನ್ನೂ ಬಿಡದು. ಅದಕ್ಕೆಂದೇ ಹಗೇವನ್ನು ತೆರೆದು ಬಹಳ ಹೊತ್ತು ಬಿಟ್ಟು, ಮೊದಲು ದೀಪವನ್ನು ಇಳಿಬಿಡುತ್ತಿದ್ದರು. ಅದು ಆರಿದರೆ ಯಾರೂ ಇಳಿಯುತ್ತಿರಲಿಲ್ಲ.

1876-78ರ ಮಹಾಕ್ಷಾಮವು, ಗದಗ ಅಂದು ಸೇರಿದ್ದ ಧಾರವಾಡ ಜಿಲ್ಲೆಯನ್ನು ನಡುಗಿಸಿತು. ಅಂತಹ ಕಾಲದಲ್ಲಿ ಕೈಯಲ್ಲಿ ಹಣವಿದ್ದರೂ ಕಾಳು ದೊರೆಯುವುದು ದುರ್ಲಭ. ಬೆಳೆ ಬಂದ ವರ್ಷ ಕೈ ಬಿಗಿಹಿಡಿದು ಹೂತಿಟ್ಟ ಜೋಳವೇ ಬರಗಾಲದ ರೊಟ್ಟಿ.